ಶಿಕ್ಷಕರ ಸ್ವಂತ ಕಥನ ಸಂಶೋಧನೆಗೆ ಆಧಾರವಾಗಬಲ್ಲದೇ? ನಲಿಕಲಿಯ ಮೊದಲ ತಲೆಮಾರಿನ ಅಧ್ಯಯನದ ಬಗ್ಗೆ ಒಂದು ಚರ್ಚೆ

ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ. ಅಧ್ಯಯನಕ್ಕೆ ನೋಂದಣಿ ಮಾಡಿಕೊಂಡಿರುವ ನಾನು ಈಗ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಸಿದ್ಧಪಡಿಸುತ್ತಿದ್ದೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಶುರುವಾದಾಗ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿದ್ದ ಶಿಕ್ಷಕರು ತಮ್ಮ ವೃತ್ತಿಜೀವನವನ್ನು ಹೇಗೆ ನೆನೆದು ಹೇಳುತ್ತಾರೆ ಎಂಬುದನ್ನು ಅಧ್ಯಯನ ಮಾಡಬೇಕೆಂಬುದು ನನ್ನ ಆಸೆ. ಆಂಧ್ರಪ್ರದೇಶದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಬಹುವರ್ಗ ಬೋಧನೆಯನ್ನು (ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುವುದನ್ನು) ಕಣ್ಣಾರೆ ಕಂಡು ಬಂದವರು, ಯುನಿಸೆಫ್ ನೆರವಿನಲ್ಲಿ, ಪಠ್ಯಪುಸ್ತಕವನ್ನು ಬದಿಗಿಟ್ಟು ಕಲಿಕಾ ಏಣಿ (ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ) ಮತ್ತು ಮೆಟ್ಟಿಲಿಗೆ ತಕ್ಕ ಕಾರ್ಡುಗಳನ್ನು ರೂಪಿಸುವುದರಲ್ಲಿ ತಾವೇ ಕೈಜೋಡಿಸಿದರು. ಅದೇ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ ಬಂತು. ಮಕ್ಕಳ ಹಾಜರಾತಿ, ಕಲಿಕೆಯ ಮಟ್ಟ ಇತ್ಯಾದಿಗಳ ಬಗ್ಗೆ ವರದಿಗಳಿವೆ. ಆದರೆ ಅಲ್ಲಿಯವರೆಗೆ ಕುರ್ಚಿಯ ಮೇಲೆ ಕುಳಿತು ಪಾಠ ಹೇಳುತ್ತಿದ್ದ ಮೇಷ್ಟ್ರು ಒಂದು ದಿನ ಮಕ್ಕಳ ಜೊತೆ ನೆಲದ ಮೇಲೆ ಕುಳಿತಾಗ ಅವರೊಳಗೆ ಏನು ನಡೆಯಿತು ಎಂಬುದನ್ನು ಆ ವರದಿಗಳು ಹೇಳಲಾರವು.

ಪೂರ್ವಭಾವಿ ಸಭೆಯಲ್ಲಿ ನನಗೆ ಮೂರು ಆಕ್ಷೇಪಗಳು ಎದುರಾದವು. ಹತ್ತಾರು ಜನರ ಮಾತಿನಿಂದ ಯಾವ ಸಾಮಾನ್ಯ ತೀರ್ಮಾನಕ್ಕೆ ಬರಲು ಸಾಧ್ಯ ಎಂಬುದು ಮೊದಲನೆಯದು. ಮೂವತ್ತು ವರ್ಷ ಹಿಂದಿನ ನೆನಪನ್ನು ನಂಬುವುದು ಹೇಗೆ ಎಂಬುದು ಎರಡನೆಯದು. ಇನ್ನೂರು ಶಿಕ್ಷಕರಿಗೆ ಒಂದು ಪ್ರಶ್ನಾವಳಿ ಕೊಟ್ಟು, ಕಥನಗಳನ್ನು ಅದಕ್ಕೆ ಪೂರಕವಾಗಿ ಇಟ್ಟುಕೊಂಡರೆ ಪ್ರಬಂಧಕ್ಕೆ ತೂಕ ಬರುತ್ತದೆ ಎಂಬ ಸಲಹೆ ಮೂರನೆಯದು. ಈ ಸಲಹೆಯನ್ನು ಒಪ್ಪಬೇಕೇ? ಇಂಥ ಅಧ್ಯಯನ ಮಾಡಿದವರು, ಮಾಡಿಸಿದವರು ದಯವಿಟ್ಟು ತಿಳಿಸಿ.

ನಿವೃತ್ತ ಪ್ರಾಧ್ಯಾಪಕರು, ಕುವೆಂಪುನಗರ, ಮೈಸೂರು

ನಿಮ್ಮ ವಿಷಯ ಮೈಸೂರು ಜಿಲ್ಲೆಯ ಯಾರಾದರೂ ಎಂದೋ ಕೈಗೆತ್ತಿಕೊಳ್ಳಬೇಕಾಗಿದ್ದ ವಿಷಯ. ಆ ತಲೆಮಾರಿನ ಶಿಕ್ಷಕರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ, ಆದ್ದರಿಂದ ತಡಮಾಡಬೇಡಿ.

ಮೂರನೆಯ ಸಲಹೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅತ್ಯಂತ ಅಪಾಯಕಾರಿಯಾದದ್ದು ಅದೇ. ಪ್ರಶ್ನಾವಳಿಯನ್ನು ಮುಖ್ಯವಾಗಿಟ್ಟುಕೊಂಡು ಕಥನಗಳನ್ನು ಪೂರಕವಾಗಿ ಬಳಸಿದ ಪ್ರಬಂಧಗಳಲ್ಲಿ ಆಗುವುದೇನು ಎಂಬುದನ್ನು ನಾನು ಪರೀಕ್ಷಕನಾಗಿ ಮತ್ತೆ ಮತ್ತೆ ಕಂಡಿದ್ದೇನೆ. ಕೋಷ್ಟಕ ಏನು ಹೇಳುತ್ತದೆಯೋ ಅದನ್ನೇ ಹೇಳುವ ಎರಡು ಸಾಲುಗಳನ್ನು ಯಾವುದೋ ಸಂದರ್ಶನದಿಂದ ಕಿತ್ತು ತಂದು ಕೋಷ್ಟಕದ ಕೆಳಗೆ ಅಂಟಿಸಿರುತ್ತಾರೆ. ಹೇಳಿದವರು ಯಾರು, ಯಾವ ಪ್ರಶ್ನೆಗೆ ಹೇಳಿದರು, ಅದಕ್ಕೆ ಮುಂಚೆ ಏನು ಹೇಳಿದ್ದರು, ಯಾವುದೂ ಉಳಿದಿರುವುದಿಲ್ಲ. ಎರಡು ವಿಧಾನಗಳನ್ನು ಸೇರಿಸಿ ಮಾಡುವ ಒಳ್ಳೆಯ ಅಧ್ಯಯನಗಳು ಖಂಡಿತ ಇವೆ, ಆದರೆ ಅವು ಸಮಿತಿಯ ಸಮಾಧಾನಕ್ಕಾಗಿ ಮಾಡಿದವಲ್ಲ.

ಈ ವಿಧಾನಕ್ಕೆ ಶಿಕ್ಷಣ ಕ್ಷೇತ್ರದಲ್ಲಿ ಗಟ್ಟಿಯಾದ ಪರಂಪರೆಯೇ ಇದೆ ಎಂಬುದನ್ನು ಸಿನಾಪ್ಸಿಸ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. 1986ರಲ್ಲಿ ಜೆರೋಮ್ ಬ್ರೂನರ್ ಅವರು ಮನುಷ್ಯನ ಆಲೋಚನೆಗೆ ಎರಡು ದಾರಿಗಳಿವೆ ಎಂದು ವಾದಿಸಿದರು: ಕಾರಣ ಮತ್ತು ನಿಯಮಗಳನ್ನು ಹುಡುಕುವ ತಾರ್ಕಿಕ ದಾರಿ ಒಂದು, ಉದ್ದೇಶ ಮತ್ತು ಘಟನೆಗಳನ್ನು ಕಾಲದಲ್ಲಿ ಜೋಡಿಸಿ ಅರ್ಥ ಮಾಡಿಕೊಳ್ಳುವ ಕಥನದ ದಾರಿ ಇನ್ನೊಂದು. ಇವುಗಳಲ್ಲಿ ಒಂದನ್ನು ಇನ್ನೊಂದಕ್ಕೆ ಇಳಿಸಲು ಬರುವುದಿಲ್ಲ ಎಂಬುದು ಅವರ ನಿಲುವು. 1990ರಲ್ಲಿ ಕೆನಡಾದ ಮೈಕೆಲ್ ಕಾನೆಲಿ ಮತ್ತು ಜೀನ್ ಕ್ಲಾಂಡಿನಿನ್ ಅವರು ಶಿಕ್ಷಕರ ಅನುಭವ ಕಥನವನ್ನೇ ಸಂಶೋಧನೆಯ ವಸ್ತುವಾಗಿಯೂ ವಿಧಾನವಾಗಿಯೂ ಪ್ರತಿಪಾದಿಸಿದರು. ಅನುಭವವೇ ಶಿಕ್ಷಣದ ಬುನಾದಿ ಎಂದ ಜಾನ್ ಡ್ಯೂಯಿ ಅವರ ಚಿಂತನೆಯನ್ನು ನೆಲೆಯಾಗಿಟ್ಟುಕೊಂಡ ಇವರು, ಯಾವುದೇ ಕಥನವನ್ನು ಕಾಲ, ಸಾಮಾಜಿಕ ಸಂಬಂಧ ಮತ್ತು ಸ್ಥಳ ಎಂಬ ಮೂರು ಆಯಾಮಗಳಲ್ಲಿ ಒಟ್ಟಿಗೆ ಓದಬೇಕು ಎನ್ನುತ್ತಾರೆ. ನಿಮ್ಮ ಅಧ್ಯಯನಕ್ಕೆ ಇದನ್ನು ಹೊಂದಿಸಿ ನೋಡಿ. ಕಬಿನಿ ಹಿನ್ನೀರಿನ ಆಚೆಗಿನ ಹಾಡಿಯೊಂದರ (ಬುಡಕಟ್ಟು ಜನರ ಪುಟ್ಟ ಊರಿನ) ಶಾಲೆಯಲ್ಲಿ, ಜೇನುಕುರುಬ ಮಕ್ಕಳ ನಡುವೆ, ಹೊಸದಾಗಿ ನೇಮಕವಾಗಿ ಬಂದ ಮೈಸೂರಿನ ಯುವಕ ಹೇಳುವ ನಲಿಕಲಿಯ ಕಥೆ ಒಂದು. ಅದೇ ತಾಲ್ಲೂಕಿನ ಹೋಬಳಿ ಕೇಂದ್ರದಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿ ಅಭ್ಯಾಸವಾಗಿದ್ದ ಹಿರಿಯರ ಕಥೆ ಇನ್ನೊಂದು. ಇವೆರಡನ್ನೂ ಒಂದೇ ಶೀರ್ಷಿಕೆಯ ಕೆಳಗೆ ಸೇರಿಸಿ ಸರಾಸರಿ ತೆಗೆದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಎಷ್ಟು ಜನ ಎಂಬ ಪ್ರಶ್ನೆಗೆ ಸಂಖ್ಯೆಯಿಂದ ಉತ್ತರಿಸಲು ಹೋಗಬೇಡಿ. ಒಬ್ಬೊಬ್ಬರ ಜೊತೆ ಎಷ್ಟು ಸಲ ಕುಳಿತಿರಿ, ಎಷ್ಟು ಬಗೆಯ ಶಾಲೆಗಳಿಂದ ಅವರನ್ನು ಆಯ್ದಿರಿ, ಅವರ ಸಂದರ್ಭವನ್ನು ಓದುಗರಿಗೆ ಎಷ್ಟು ದಟ್ಟವಾಗಿ ಕಟ್ಟಿಕೊಟ್ಟಿರಿ ಎಂಬುದರಿಂದ ಉತ್ತರಿಸಿ. 1985ರಲ್ಲಿ ಲಿಂಕನ್ ಮತ್ತು ಗೂಬಾ ಅವರು ಹೇಳಿದಂತೆ, ಒಂದು ಕಡೆಯ ತಿಳಿವಳಿಕೆ ಇನ್ನೊಂದು ಕಡೆಗೆ ಒಗ್ಗುತ್ತದೆಯೇ ಎಂದು ತೀರ್ಮಾನಿಸುವವನು ಆ ಇನ್ನೊಂದು ಕಡೆಯನ್ನು ಬಲ್ಲ ಓದುಗ. ಹಾಗೆ ತೀರ್ಮಾನಿಸಲು ಬೇಕಾದ ವಿವರವನ್ನು ಒದಗಿಸುವುದು ಸಂಶೋಧಕರ ಹೊಣೆ.

ಸಮೀಕ್ಷಾ ಸಂಶೋಧಕ, ಮಂಡ್ಯ

ಗುರುಗಳ ಮೇಲಿನ ಗೌರವವನ್ನು ಇಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ತಿಳಿಸುತ್ತೇನೆ. ಕಥನ ವಿಧಾನಕ್ಕೆ ಪರಂಪರೆ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರಂಪರೆ ಇದೆ ಎಂಬುದರಿಂದ ಈ ನಿರ್ದಿಷ್ಟ ಅಧ್ಯಯನದ ತೊಂದರೆ ಪರಿಹಾರವಾಗುವುದಿಲ್ಲ.

ನನ್ನ ಆತಂಕ ಎರಡು. ನಲಿಕಲಿಯ ಆರಂಭದ ಬಗ್ಗೆ ಮಾತನಾಡಲು ಇಂದು ಸಂತೋಷದಿಂದ ಮುಂದೆ ಬರುವವರು ಯಾರು? ಅದನ್ನು ಪ್ರೀತಿಸಿದವರು, ಅದರಿಂದ ಸಂಪನ್ಮೂಲ ವ್ಯಕ್ತಿಗಳಾದವರು, ಹೆಸರು ಮಾಡಿದವರು. ಅದನ್ನು ಸಹಿಸಲಾರದೆ ವರ್ಗಾವಣೆ ತೆಗೆದುಕೊಂಡು ಬೇರೆ ತಾಲ್ಲೂಕಿಗೆ ಹೋದವರು, ಕಾರ್ಡುಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟು ತಪಾಸಣೆಯ ದಿನ ಮಾತ್ರ ತೆಗೆಯುತ್ತಿದ್ದವರು ನಿಮ್ಮ ಪಟ್ಟಿಯಲ್ಲಿ ಇರುವುದೇ ಇಲ್ಲ. ಸಮೀಕ್ಷೆಯಲ್ಲಾದರೆ ಯಾರು ಉತ್ತರಿಸಲಿಲ್ಲ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಪರಿಚಯದಿಂದ ಪರಿಚಯಕ್ಕೆ ಹೋಗಿ ಕಥೆ ಕಲೆಹಾಕುವವರಿಗೆ ಮೌನವಾಗಿರುವವರು ಕಾಣಿಸುವುದೇ ಇಲ್ಲ.

ಇನ್ನು ವಿಶ್ಲೇಷಣೆ. ಗಂಟೆಗಟ್ಟಲೆ ಧ್ವನಿಮುದ್ರಿಕೆಯಿಂದ ಸಂಶೋಧಕರು ಆಯ್ದುಕೊಳ್ಳುವ ಮಾತುಗಳು ಅವರ ಮನಸ್ಸಿಗೆ ಹಿಡಿಸಿದ ಮಾತುಗಳೇ ಆಗಿರುತ್ತವೆ. ಇನ್ನೊಬ್ಬರು ಅದೇ ಧ್ವನಿಮುದ್ರಿಕೆಯಿಂದ ಬೇರೆಯದೇ ಕಥೆಯನ್ನು ಕಟ್ಟಿದರೆ ಯಾವುದು ಸರಿ ಎಂದು ಹೇಳಲು ನಿಮ್ಮಲ್ಲಿ ಯಾವ ಅಳತೆಗೋಲಿದೆ? ಇದಕ್ಕೆ ಉತ್ತರ ಇಲ್ಲದೆ ವೈವಾಕ್ಕೆ (ಪ್ರಬಂಧದ ಮೌಖಿಕ ಪರೀಕ್ಷೆಗೆ) ಹೋಗಬೇಡಿ.

ಪ್ರೌಢಶಾಲಾ ಶಿಕ್ಷಕಿ, ಪಾಂಡವಪುರ

ಎಂ.ಎಡ್. ಪ್ರಬಂಧಕ್ಕಾಗಿ ನಾನು ಮಾಡಿದ ಚಿಕ್ಕ ಕೆಲಸವೊಂದನ್ನು ಇಲ್ಲಿ ಹೇಳಬಯಸುತ್ತೇನೆ, ಏಕೆಂದರೆ ನೆನಪನ್ನು ನಂಬಬಹುದೇ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲಿಯೇ. ಓದನ್ನು ಅರ್ಧಕ್ಕೆ ನಿಲ್ಲಿಸಿ, ಈಗ ತಮ್ಮ ಹೆಣ್ಣುಮಕ್ಕಳನ್ನು ಪ್ರೌಢಶಾಲೆಗೆ ಕಳುಹಿಸುತ್ತಿರುವ ತಾಯಂದಿರ ಶಾಲಾ ನೆನಪುಗಳು ನನ್ನ ವಿಷಯವಾಗಿದ್ದವು. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಹಂಚಿಕೊಳ್ಳಲು ಅವರ ಒಪ್ಪಿಗೆಯಿದೆ.)

ಒಬ್ಬ ತಾಯಿ ಮೊದಲ ಸಲ ಸಿಕ್ಕಾಗ ಹೇಳಿದ್ದು ಇಷ್ಟೇ: "ಏಳನೇ ಕ್ಲಾಸಲ್ಲಿ ಫೇಲಾಗ್ಬುಟ್ಟೆ ಕಣವ್ವ, ನನ್ಗೆ ಓದು ತಲೆಗೆ ಹತ್ನಿಲ್ಲ." ಜಗಲಿಯಲ್ಲಿ ಅವರ ಅಣ್ಣ ಕುಳಿತು ಪೇಪರ್ ಓದುತ್ತಿದ್ದರು. ಆಮೇಲೆ ನಾನು ಅವರ ಹಳೆಯ ಶಾಲೆಯಲ್ಲಿ ಮುಖ್ಯ ಶಿಕ್ಷಕರ ಅನುಮತಿ ಪಡೆದು ದಾಖಲಾತಿ ವಹಿಯನ್ನು ನೋಡಿದೆ. ಆಕೆ ಏಳನೆಯ ತರಗತಿಯಲ್ಲಿ ಉತ್ತೀರ್ಣರಾಗಿದ್ದರು. ಪ್ರೌಢಶಾಲೆಗೆ ಸೇರಲೆಂದು ಟಿಸಿಯನ್ನೂ ತೆಗೆದುಕೊಂಡಿದ್ದರು, ಪಕ್ಕದಲ್ಲಿ ಅವರದೇ ಸಹಿ ಇತ್ತು.

ವಹಿಯಲ್ಲಿ ಹೀಗಿದೆಯಲ್ಲ ಎಂದು ನಾನು ಅವರನ್ನು ಪ್ರಶ್ನಿಸಲಿಲ್ಲ. ಮುಂದಿನ ಭೇಟಿಯಲ್ಲಿ ಗದ್ದೆಯ ಬದುವಿನ ಮೇಲೆ ಕುಳಿತು ಪ್ರೌಢಶಾಲೆ ಯಾವ ಊರಿನಲ್ಲಿತ್ತು, ದಾರಿ ಹೇಗಿತ್ತು ಎಂದಷ್ಟೇ ಕೇಳಿದೆ. ನಾಲೆಯ ಏರಿಯ ಮೇಲೆ ನಡೆದು ಹೋಗಬೇಕಿತ್ತು, ಹೊಸ ಬ್ಯಾಗನ್ನೂ ತಂದಿದ್ದರು, ಕೊನೆಯ ಗಳಿಗೆಯಲ್ಲಿ ಅಣ್ಣ ಬೇಡವೆಂದರು ಎಂಬುದೆಲ್ಲ ಆಗ ಬಂತು. "ಫೇಲಾದೆ ಅಂದ್ಬುಟ್ರೆ ಆಮೇಲೆ ಯಾರೂ ಏನೂ ಕೇಳಕಿಲ್ಲ" ಎಂದರು. ಅಣ್ಣನ ಮನೆಯ ಆಸರೆಯಲ್ಲೇ ಬದುಕು ಸಾಗಬೇಕಾಗಿದ್ದ ಹೆಣ್ಣುಮಗಳು, ಅಣ್ಣನ ಮೇಲೆ ಮಾತು ಬಾರದಂತೆ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ವರ್ಷಗಟ್ಟಲೆ ಅದನ್ನೇ ಹೇಳುತ್ತಾ ಬಂದಿದ್ದರು.

ಪ್ರಶ್ನಾವಳಿ ಕೊಟ್ಟಿದ್ದರೆ ಶಾಲೆ ಬಿಟ್ಟ ಕಾರಣದ ಎದುರು ಅವರು "ಅನುತ್ತೀರ್ಣ" ಎಂಬಲ್ಲಿ ಗುರುತು ಹಾಕುತ್ತಿದ್ದರು. ವಹಿಯನ್ನು ಮಾತ್ರ ನೋಡಿದ್ದರೆ ಟಿಸಿ ಪಡೆದು ಹೋದರು ಎಂದಷ್ಟೇ ತಿಳಿಯುತ್ತಿತ್ತು. ಅವರ ಮೊದಲ ಮಾತನ್ನು ಮಾತ್ರ ಕೇಳಿಕೊಂಡು ಬಂದಿದ್ದರೂ ನಾನು ತಪ್ಪು ತೀರ್ಮಾನಕ್ಕೇ ಬರುತ್ತಿದ್ದೆ. ದಾಖಲೆಗೂ ಹೇಳಿಕೆಗೂ ನಡುವೆ ಇದ್ದ ವ್ಯತ್ಯಾಸವೇ ನನ್ನ ಪ್ರಬಂಧದ ಮುಖ್ಯ ಅಧ್ಯಾಯವಾಯಿತು. ಆದ್ದರಿಂದ ನೆನಪು ನಿಜವೇ ಎಂದು ಕೇಳುವವರಿಗೆ, ನೆನಪು ಹೀಗೇಕೆ ರೂಪುಗೊಂಡಿತು ಎಂಬುದೇ ನನ್ನ ಸಂಶೋಧನಾ ಪ್ರಶ್ನೆ ಎಂದು ಧೈರ್ಯವಾಗಿ ಹೇಳಿ. ಆದರೆ ಹಾಗೆ ಹೇಳಬೇಕಾದರೆ ದಾಖಲೆಯನ್ನು ನೋಡಿರಲೇಬೇಕು.

ಸಮೀಕ್ಷಾ ಸಂಶೋಧಕ, ಮಂಡ್ಯ

ಮೇಡಂ, ನೀವು ಹೇಳಿದ್ದನ್ನು ಎರಡು ಸಲ ಓದಿದೆ. ನಮ್ಮ ಸಮೀಕ್ಷೆಗಳಲ್ಲಿ "ಶಾಲೆ ಬಿಡಲು ಕಾರಣ" ಎಂಬ ಕಲಂನಲ್ಲಿ ಎಷ್ಟು ಇಂಥ ಉತ್ತರಗಳು ಸೇರಿಕೊಂಡಿರಬಹುದು ಎಂಬ ಪ್ರಶ್ನೆ ಇನ್ನು ನನ್ನನ್ನು ಬಿಡುವುದಿಲ್ಲ. ಆದರೂ ನನ್ನ ಮೊದಲ ಆತಂಕ ಹಾಗೆಯೇ ಇದೆ. ನಿಮಗೆ ಆ ತಾಯಿ ಸಿಕ್ಕರು. ಮಾತನಾಡಲು ಒಪ್ಪದವರ ಪಾಡೇನು?

ನಿವೃತ್ತ ಪ್ರಾಧ್ಯಾಪಕರು, ಕುವೆಂಪುನಗರ, ಮೈಸೂರು

ಪಾಂಡವಪುರದ ಶಿಕ್ಷಕಿ ತಮ್ಮ ಅನುಭವದಿಂದ ಹೇಳಿದ್ದನ್ನೇ ಬ್ರಿಟನ್ನಿನ ಐವರ್ ಗುಡ್‌ಸನ್ ಅವರು ಶಿಕ್ಷಕರ ಬದುಕನ್ನು ಕುರಿತ ತಮ್ಮ ಅಧ್ಯಯನಗಳಲ್ಲಿ ಒತ್ತಿ ಹೇಳುತ್ತಾ ಬಂದಿದ್ದಾರೆ. ವ್ಯಕ್ತಿ ಹೇಳುವ ಬದುಕಿನ ಕಥೆ ಆರಂಭ ಮಾತ್ರ. ಅದನ್ನು ಆ ಕಾಲದ ಆಡಳಿತ, ನೀತಿ, ಸಮಾಜಗಳ ನಡುವೆ ಇಟ್ಟು ನೋಡಿದಾಗಲಷ್ಟೇ ಅದು ಬದುಕಿನ ಚರಿತ್ರೆಯಾಗುತ್ತದೆ. ಸಂದರ್ಭವನ್ನು ಕಳಚಿಟ್ಟು ಶಿಕ್ಷಕರ ಕಥೆಗಳನ್ನು ಕೊಂಡಾಡುವುದರಿಂದ ಅವರನ್ನು ಆ ಸ್ಥಿತಿಗೆ ತಂದ ವ್ಯವಸ್ಥೆ ಪ್ರಶ್ನೆಗೆ ಒಳಗಾಗದೆ ಉಳಿದುಬಿಡುತ್ತದೆ ಎಂಬ ಅವರ ಎಚ್ಚರಿಕೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನಿಮ್ಮ ಅಧ್ಯಯನಕ್ಕೆ ಬೇಕಾದ ದಾಖಲೆಗಳು ಊರೂರಿನಲ್ಲಿವೆ: ಶಾಲಾ ಹಾಜರಿ ವಹಿ, ಸಂದರ್ಶಕರ ಪುಸ್ತಕದಲ್ಲಿ ತಪಾಸಣಾಧಿಕಾರಿಗಳು ಬರೆದಿರುವ ಷರಾ, ತರಬೇತಿಯ ಸುತ್ತೋಲೆಗಳು, ಯಾರ ಮನೆಯ ಅಟ್ಟದಲ್ಲಾದರೂ ಉಳಿದಿರಬಹುದಾದ ಕೈಬರಹದ ಕಾರ್ಡುಗಳು.

ಇನ್ನು ಅಳತೆಗೋಲಿನ ಪ್ರಶ್ನೆ. 1995ರಲ್ಲಿ ಡೊನಾಲ್ಡ್ ಪೋಲ್ಕಿಂಗ್‌ಹಾರ್ನ್ ಅವರು ಎರಡು ಬೇರೆ ಬೇರೆ ಕೆಲಸಗಳನ್ನು ವಿಂಗಡಿಸಿದರು. ಹಲವರ ಕಥನಗಳಲ್ಲಿ ಸಮಾನವಾಗಿ ಕಾಣುವ ವಿಷಯಗಳನ್ನು ಹೆಕ್ಕಿ ವರ್ಗೀಕರಿಸುವುದು ಒಂದು. ಬಿಡಿಬಿಡಿಯಾಗಿ ಸಿಕ್ಕ ಘಟನೆಗಳನ್ನು ಜೋಡಿಸಿ ಒಬ್ಬರ ಬಗ್ಗೆ ಅರ್ಥಪೂರ್ಣವಾದ ಕಥನವನ್ನು ಸಂಶೋಧಕರೇ ಕಟ್ಟುವುದು ಇನ್ನೊಂದು. ಇವುಗಳಲ್ಲಿ ಯಾವುದನ್ನು ಮಾಡುತ್ತಿದ್ದೀರಿ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳದ ಪ್ರಬಂಧಗಳೇ ಗೊಂದಲಕ್ಕೆ ಬೀಳುವುದು. ಒಂದೇ ಧ್ವನಿಮುದ್ರಿಕೆಯಿಂದ ಎರಡು ವ್ಯಾಖ್ಯಾನಗಳು ಬರಬಹುದು, ನಿಜ. ಆದರೆ ಎಲ್ಲ ವ್ಯಾಖ್ಯಾನಗಳೂ ಸಮನಾಗಿರುವುದಿಲ್ಲ. ತನಗೆ ಒಗ್ಗದ ಮಾತುಗಳನ್ನೂ ಎದುರಿಗಿಟ್ಟುಕೊಂಡು ಅವುಗಳಿಗೆ ಉತ್ತರ ಕೊಡುವ ವ್ಯಾಖ್ಯಾನ, ಅವುಗಳನ್ನು ಕೈಬಿಟ್ಟ ವ್ಯಾಖ್ಯಾನಕ್ಕಿಂತ ಗಟ್ಟಿಯಾದದ್ದು. ಆದ್ದರಿಂದ ಕನಿಷ್ಠ ಒಂದೆರಡು ಸಂದರ್ಶನಗಳ ಪೂರ್ಣ ಪಾಠವನ್ನು, ಹೇಳಿದವರ ಅನುಮತಿಯೊಂದಿಗೆ, ಅನುಬಂಧದಲ್ಲಿ ಕೊಡಿ.

ನಿವೃತ್ತ ಶಿಕ್ಷಕ, ಎಚ್.ಡಿ. ಕೋಟೆ

ನನ್ನ ಮಗ ಈ ಚರ್ಚೆಯನ್ನು ತೋರಿಸಿದ. ನೀವೆಲ್ಲರೂ ಯಾರ ಬಗ್ಗೆ ಮಾತನಾಡುತ್ತಿದ್ದೀರೋ ಅವರಲ್ಲಿ ನಾನೂ ಒಬ್ಬ. ಹೇಳುವವರ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ನೋಡಮ್ಮ, ನಮ್ಮಲ್ಲಿ ಅನೇಕರಿಗೆ ನಲಿಕಲಿಯ ಕಥೆ ಬಾಯಿಪಾಠವಾಗಿದೆ. ತರಬೇತಿಗಳಲ್ಲಿ, ಹೊರಗಿನಿಂದ ಬಂದ ಅತಿಥಿಗಳ ಮುಂದೆ, ಬೇರೆ ಜಿಲ್ಲೆಗಳ ಶಿಕ್ಷಕರ ಮುಂದೆ ಅದನ್ನು ಅಷ್ಟು ಸಲ ಹೇಳಿದ್ದೇವೆ. ಮೊದಲು ಮಕ್ಕಳು ಹೆದರುತ್ತಿದ್ದರು, ಆಮೇಲೆ ಓಡೋಡಿ ಶಾಲೆಗೆ ಬಂದರು ಎಂದು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೇಳುವವರು ಮೆಚ್ಚುತ್ತಾರೆ ಎಂಬುದು ನಮಗೆ ಗೊತ್ತು. ಅದರಲ್ಲಿ ಸುಳ್ಳಿಲ್ಲ. ಆದರೆ ನೀವು ಬಂದು "ನಿಮ್ಮ ಅನುಭವ ಹೇಳಿ ಸರ್" ಎಂದರೆ ನನ್ನ ಬಾಯಿಂದ ಬರುವುದು ಅದೇ ಕಥೆ, ಮತ್ತು ಅದರಿಂದ ನಿಮಗೆ ಹೊಸದೇನೂ ಸಿಗುವುದಿಲ್ಲ.

ಅದರ ಬದಲು ಒಂದು ಕಾರ್ಡನ್ನು ನಮ್ಮ ಕೈಗೆ ಕೊಡಿ. ಏಣಿಯ ಪಟವನ್ನು ನೆಲದ ಮೇಲೆ ಹಾಸಿ, "ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿ. ಆಗ ಬೇರೆಯೇ ಮಾತು ಬರುತ್ತದೆ. ಒಂದು ವಾರ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಕಲಿಕೆಯನ್ನು ಮುಂದುವರಿಸಬಹುದು ಎಂಬುದು ಈ ಪದ್ಧತಿಯ ದೊಡ್ಡ ಗುಣ. ಜೇನು, ಸೊಪ್ಪು, ಕೂಲಿ ಎಂದು ತಂದೆ ತಾಯಿಯ ಜೊತೆ ಹೋಗಿಬಿಡುತ್ತಿದ್ದ ಹಾಡಿಯ ಮಕ್ಕಳಿಗೆ ಅದು ವರವೇ ಆಯಿತು. ಆದರೆ ಒಂದೇ ಕೋಣೆಯಲ್ಲಿ ಒಬ್ಬೊಬ್ಬ ಮಗು ಒಂದೊಂದು ಮೆಟ್ಟಿಲಿನಲ್ಲಿದ್ದಾಗ, ನಾನೊಬ್ಬನೇ ಶಿಕ್ಷಕ, ಯಾವ ತಟ್ಟೆಯ (ಮಕ್ಕಳ ಗುಂಪಿನ) ಬಳಿ ಕೂರಲಿ? ಶಿಕ್ಷಕರ ನೆರವು ಬೇಕಾದ ಗುಂಪಿನ ಜೊತೆ ಕೂತರೆ ಸ್ವಂತವಾಗಿ ಕಲಿಯಬೇಕಾದ ಗುಂಪು ಕಾರ್ಡಿನ ಮೇಲಿನ ಆನೆ ಅಳಿಲುಗಳ ಚಿತ್ರ ನೋಡುತ್ತಾ ಮಾತಿಗೆ ಬೀಳುತ್ತಿತ್ತು. ಸಂಜೆ ಪ್ರತಿ ಮಗುವಿನ ಪ್ರಗತಿಯನ್ನು ಗುರುತು ಹಾಕಿಕೊಳ್ಳುವಾಗ, ಇದನ್ನು ನಿಜವಾಗಿ ಕಲಿತನೋ ಇಲ್ಲವೋ ಎಂಬ ಅನುಮಾನದಲ್ಲೇ ಎಷ್ಟೋ ಸಲ ಗುರುತು ಹಾಕಿದ್ದುಂಟು. ಈ ಮಾತನ್ನು ನಾನು ಯಾವ ತರಬೇತಿಯಲ್ಲೂ ಹೇಳಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯ. ದಯವಿಟ್ಟು ಇಲಾಖೆಯ ಕಚೇರಿಯ ಮೂಲಕ ನಮ್ಮನ್ನು ಕರೆಸಬೇಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನು ಬಂದು, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಪಕ್ಕದಲ್ಲಿ ಕುಳಿತಿದ್ದರೆ, ನಿವೃತ್ತನಾದವನೂ ಇಲಾಖೆಗೆ ಒಪ್ಪುವ ಮಾತನ್ನೇ ಆಡುತ್ತಾನೆ. ಸೇವೆಯಲ್ಲಿರುವವರ ವಿಷಯ ಹೇಳುವುದೇ ಬೇಡ.

ಡಿ.ಎಡ್. ಉಪನ್ಯಾಸಕಿ, ಮಂಡ್ಯ

ಮೇಷ್ಟ್ರ ಕೊನೆಯ ಮಾತಿನಿಂದ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ದಾರಿಯಾಯಿತು. ಹೆಸರು ಬದಲಿಸಿದ್ದೇವೆ ಎಂದು ಒಂದು ಸಾಲು ಬರೆದು ಮುಗಿಸಿಬಿಡುವ ರೂಢಿ ನಮ್ಮಲ್ಲಿದೆ. 1995ರಲ್ಲಿ ಕೋಟೆ ತಾಲ್ಲೂಕಿನ ಇಂಥ ಭಾಗದ ಹಾಡಿ ಶಾಲೆಯಲ್ಲಿದ್ದ ಏಕೈಕ ಶಿಕ್ಷಕಿ ಎಂದು ಬರೆದರೆ, ಹೆಸರು ಏನೇ ಕೊಡಿ, ಆ ತಾಲ್ಲೂಕಿನ ಪ್ರತಿಯೊಬ್ಬ ಶಿಕ್ಷಕರಿಗೂ ಅದು ಯಾರೆಂದು ಗೊತ್ತಾಗುತ್ತದೆ. ಸಂದರ್ಭವನ್ನು ದಟ್ಟವಾಗಿ ಕಟ್ಟಿಕೊಡಿ ಎಂದು ಪ್ರಾಧ್ಯಾಪಕರು ಹೇಳಿದರು, ಗುರುತನ್ನು ಮರೆಮಾಡಿ ಎಂದು ನೀತಿ ಹೇಳುತ್ತದೆ. ಇವೆರಡೂ ನೇರವಾಗಿ ಒಂದಕ್ಕೊಂದು ಅಡ್ಡ ಬರುತ್ತವೆ, ಮತ್ತು ಪ್ರತಿಯೊಂದು ವಿವರದ ಬಗ್ಗೆಯೂ ಹೇಳಿದವರ ಜೊತೆ ಕುಳಿತು ತೀರ್ಮಾನಿಸುವುದನ್ನು ಬಿಟ್ಟು ಇದಕ್ಕೆ ಬೇರೆ ಪರಿಹಾರ ನನಗೆ ಕಂಡಿಲ್ಲ. ಕೆಲವರಿಗೆ ತಮ್ಮ ನಿಜವಾದ ಹೆಸರೇ ಇರಬೇಕೆಂಬ ಆಸೆ ಇರುತ್ತದೆ. ಅದನ್ನೂ ಗೌರವಿಸಬೇಕು.

ಕಥನದಲ್ಲಿ ಬರುವ ಮೂರನೆಯವರ ಬಗ್ಗೆಯೂ ಯೋಚಿಸಿ. ಶಿಕ್ಷಕರು ಹೇಳುವ ಕಥೆಯಲ್ಲಿ ಮಕ್ಕಳಿರುತ್ತಾರೆ. ಆ ಮಕ್ಕಳು ಈಗ ಮೂವತ್ತೈದರ ಆಸುಪಾಸಿನ ಗೃಹಸ್ಥರು. ಅವರು ನಿಮಗೆ ಯಾವ ಒಪ್ಪಿಗೆಯನ್ನೂ ಕೊಟ್ಟಿಲ್ಲ.

ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರೇ, ನಿಮ್ಮ ಮಾತನ್ನು ಓದಿದ ಮೇಲೆ ನನ್ನ ಸಂದರ್ಶನ ಪಟ್ಟಿಯ ಮೊದಲ ಪ್ರಶ್ನೆಯನ್ನೇ ತೆಗೆದುಹಾಕಿದ್ದೇನೆ. ಉಪನ್ಯಾಸಕಿ ಮೇಡಂ ಹೇಳಿದ್ದಕ್ಕೆ ಸೇರಿದಂತೆ ಒಂದು ಪ್ರಶ್ನೆ ಉಳಿದಿದೆ. ಬರೆದದ್ದನ್ನು ಹೇಳಿದವರಿಗೆ ತೋರಿಸಬೇಕೆಂದು ವಿಧಾನದ ಪುಸ್ತಕಗಳು ಹೇಳುತ್ತವೆ. ತೋರಿಸಿದ ಮೇಲೆ ಅವರು ಅತಿ ಮುಖ್ಯವಾದ ಭಾಗವನ್ನೇ ತೆಗೆಯಿರಿ ಎಂದರೆ ಏನು ಮಾಡಬೇಕು? ಅಥವಾ ನನ್ನ ವ್ಯಾಖ್ಯಾನ ಸರಿಯಲ್ಲ ಎಂದರೆ?

ಪ್ರೌಢಶಾಲಾ ಶಿಕ್ಷಕಿ, ಪಾಂಡವಪುರ

ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ತಾವು ಹೇಳಿದ್ದನ್ನು ತೆಗೆಯಿರಿ ಎಂದರೆ ತೆಗೆಯಲೇಬೇಕು, ಅದರಲ್ಲಿ ಚೌಕಾಸಿ ಕೂಡದು, ಅಧ್ಯಾಯವೇ ಬಿದ್ದುಹೋದರೂ ಸರಿ. ನಿಮ್ಮ ವ್ಯಾಖ್ಯಾನವನ್ನು ಒಪ್ಪದಿದ್ದರೆ ಅದನ್ನು ಕೈಬಿಡಬೇಕಾಗಿಲ್ಲ, ಆದರೆ ಅವರ ಭಿನ್ನಾಭಿಪ್ರಾಯವನ್ನು ಅವರದೇ ಮಾತಿನಲ್ಲಿ ಪಕ್ಕದಲ್ಲೇ ಅಚ್ಚು ಮಾಡಬೇಕು.

ಬರೆದದ್ದನ್ನು ಕೈಗೆ ಕೊಟ್ಟು ಓದಿ ಹೇಳಿ ಎಂದರೆ ಹೆಚ್ಚಿನವರು ಚೆನ್ನಾಗಿದೆ ಎಂದು ಹೇಳಿ ಕಳುಹಿಸುತ್ತಾರೆ. ಓದಿ ಹೇಳುವ ಕೆಲಸವನ್ನು ನೀವೇ ಮಾಡಿ. ಅವರ ಮಾತನ್ನು ಅವರು ಆಡಿದ ಧಾಟಿಯಲ್ಲೇ ಬರಹಕ್ಕಿಳಿಸಿದ್ದರೆ, ಎಲ್ಲಿ ತಪ್ಪಿದೆ ಎಂಬುದು ಕೇಳುತ್ತಿದ್ದಂತೆಯೇ ಅವರಿಗೆ ತಿಳಿಯುತ್ತದೆ. ಗ್ರಾಂಥಿಕ ಕನ್ನಡಕ್ಕೆ ತಿದ್ದಿ ಬರೆದಿದ್ದರೆ, ಯಾವುದೋ ದೊಡ್ಡ ಮಾತು ಎಂದುಕೊಂಡು ಸುಮ್ಮನೆ ತಲೆಯಾಡಿಸುತ್ತಾರೆ.

ಸಮೀಕ್ಷಾ ಸಂಶೋಧಕ, ಮಂಡ್ಯ

ಮೇಷ್ಟ್ರು ಹೇಳಿದ್ದನ್ನು ಓದಿದ ಮೇಲೆ ನನ್ನ ಎರಡನೆಯ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಪ್ರಗತಿಯ ಗುರುತುಗಳನ್ನು ಹಾಕಿದವರೇ ಅವನ್ನು ಯಾವ ಅನುಮಾನದಲ್ಲಿ ಹಾಕಿದರು ಎಂದು ಹೇಳದಿದ್ದರೆ, ಆ ಗುರುತುಗಳನ್ನು ಕೂಡಿಸಿ ನಾವು ಮಾಡುವ ಕೋಷ್ಟಕಗಳನ್ನು ಓದುವ ಬಗೆಯೇ ನಮಗೆ ತಿಳಿಯುವುದಿಲ್ಲ. ಮೊದಲನೆಯ ಆಕ್ಷೇಪವನ್ನು ಮಾತ್ರ ಬಿಡಲಾರೆ. ಪ್ರಬಂಧದ ವಿಧಾನ ಅಧ್ಯಾಯದಲ್ಲಿ, ಯಾರನ್ನು ಕೇಳಿದಿರಿ, ಯಾರು ಒಪ್ಪಲಿಲ್ಲ, ಯಾರನ್ನು ಹುಡುಕಿಯೂ ಸಿಗಲಿಲ್ಲ ಎಂಬುದನ್ನು ಗುರುತು ಬಿಟ್ಟುಕೊಡದೆ ಬರೆಯಿರಿ. ಮತ್ತು ಕಾರ್ಡುಗಳನ್ನು ಬೀರುವಿನಲ್ಲಿಟ್ಟವರನ್ನು ಹುಡುಕಿಕೊಂಡು ಹೋಗಿ.

ನಿವೃತ್ತ ಶಿಕ್ಷಕ, ಎಚ್.ಡಿ. ಕೋಟೆ

ಅಂಥವರನ್ನು ನಾನು ಬಲ್ಲೆ. ಅವರು ಸೋಮಾರಿಗಳಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರಲ್ಲೊಬ್ಬರು ಹಳೆಯ ಪದ್ಧತಿಯಲ್ಲಿ ಬಹಳ ಒಳ್ಳೆಯ ಶಿಕ್ಷಕರೆಂದು ಹೆಸರಾಗಿದ್ದವರು. ಮಗ್ಗಿ, ಕಾಪಿ, ಉಕ್ತಲೇಖನ ಎಂದರೆ ಅವರ ಶಾಲೆಯ ಮಕ್ಕಳು ಮುಂದು. ಮಕ್ಕಳು ಗುಂಪಾಗಿ ಕೂತು ಗದ್ದಲ ಮಾಡುವುದನ್ನು ಕಲಿಕೆ ಎಂದು ಒಪ್ಪಲು ಅವರಿಗೆ ಕೊನೆಯವರೆಗೂ ಆಗಲಿಲ್ಲ, ಹುಣಸೂರಿನ ಕಡೆಗೆ ವರ್ಗಾವಣೆ ಮಾಡಿಸಿಕೊಂಡು ಹೋದರು. ಈಗಲೂ ಮದುವೆ ಮುಂಜಿಗಳಲ್ಲಿ ಸಿಗುತ್ತಾರೆ, ಆ ವಿಷಯ ಬಂದರೆ ಜಗಳಕ್ಕೇ ಬರುತ್ತಾರೆ.

ಅವರ ಫೋನ್ ನಂಬರನ್ನು ನಾನಾಗಿಯೇ ನಿಮಗೆ ಕೊಡುವುದು ಸರಿಯಲ್ಲ. ಮೊದಲು ನಾನೇ ಹೋಗಿ, ನೀವು ಯಾರು, ಏಕೆ ಕೇಳುತ್ತಿದ್ದೀರಿ ಎಂಬುದನ್ನು ವಿವರಿಸಿ, ಒಪ್ಪಿದರೆ ತಿಳಿಸುತ್ತೇನೆ. ಒಪ್ಪಿದರೆ ಒಬ್ಬರೇ ಬನ್ನಿ, ನಾನು ಜೊತೆಯಲ್ಲಿ ಇರುವುದಿಲ್ಲ. ನನ್ನೆದುರು ಅವರು ನಲಿಕಲಿಯ ಬಗ್ಗೆ ಹೇಳುವುದು ನನಗೆ ಉತ್ತರವಾಗಿ ಹೇಳುವ ಮಾತಾಗಿರುತ್ತದೆ.